117ನೇ ಧಾತು ಟೆನ್ನೆಸಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಟೆನ್ನೆಸಿನ್ ಎಂದರೆ ಏನು?

ಪರಮಾಣು ಸಂಖ್ಯೆ 117 ಇರುವ, ಮನುಷ್ಯರೇ ಮಾಡಿದ ಅತಿಭಾರ ಧಾತು. ಸಂಕೇತ ಟಿಎಸ್. ಆವರ್ತ ಕೋಷ್ಟಕದ 17ನೇ ಗುಂಪಿನಲ್ಲಿ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್, ಅಸ್ಟಟೀನ್ ಎಂದು ಇಳಿಯುತ್ತ ಬಂದರೆ ತಳದ ಮನೆ ಇದರದು. ನಿಸರ್ಗದಲ್ಲಿ ಎಲ್ಲೂ ಸಿಕ್ಕಿಲ್ಲ. ರಷ್ಯಾದ ದುಬ್ನಾ ಪಟ್ಟಣದ ಪರಮಾಣು ಸಂಶೋಧನಾ ಕೇಂದ್ರದಲ್ಲಿ 2009-10ರಲ್ಲಿ ಮೊದಲ ಸಲ ತಯಾರಾಯಿತು. ಸುದ್ದಿ ಹೊರಬಿದ್ದದ್ದು 2010ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ಸಿಕ್ಕಿದ್ದು ಒಟ್ಟು ಆರು ಪರಮಾಣು.

ಮುಂದೆ ಓದುವ ಮೊದಲು ಒಂದು ಮಾತು. ಈ ಧಾತುವಿನ ಬಗ್ಗೆ ಸಿಗುವ ಅಂಕಿಗಳು ಎರಡು ಜಾತಿಯವು. ಅರ್ಧಾಯು (ಇರುವ ಪರಮಾಣುಗಳಲ್ಲಿ ಅರ್ಧ ಒಡೆದು ಬೇರೆಯಾಗಲು ಹಿಡಿಯುವ ಹೊತ್ತು), ಆಗ ಚಿಮ್ಮುವ ಆಲ್ಫಾ ಕಣದ (ಎರಡು ಪ್ರೋಟಾನ್, ಎರಡು ನ್ಯೂಟ್ರಾನಿನ ಗಂಟು) ಶಕ್ತಿ, ಕ್ಷಯದ ಸರಣಿ (ಒಂದು ಧಾತು ಇನ್ನೊಂದಾಗುತ್ತ ಇಳಿಯುವ ಸಾಲು) ಇವು ಅಳೆದು ಕಂಡವು. ಕರಗುವ ಬಿಂದು, ಸಾಂದ್ರತೆ, ಸಂಯುಕ್ತಗಳ ಆಕಾರ ಇವೆಲ್ಲ ಲೆಕ್ಕ ಹಾಕಿ ಹೇಳಿದವು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿ ಅಚ್ಚು ಹಾಕುವ ಕೋಷ್ಟಕಗಳೇ ಹೆಚ್ಚು. ಗೊಂದಲ ಶುರುವಾಗುವುದು ಅಲ್ಲಿಂದಲೇ.

118ನೇ ಧಾತು ಮೊದಲು ಸಿಕ್ಕಿ, 117 ಆಮೇಲೆ ಸಿಕ್ಕಿದ್ದು ಯಾಕೆ?

ಹೊಸ ಧಾತು ಮಾಡುವುದೆಂದರೆ ಒಂದು ನ್ಯೂಕ್ಲಿಯಸ್ಸನ್ನು ಇನ್ನೊಂದಕ್ಕೆ ವೇಗವಾಗಿ ಹೊಡೆದು ಎರಡರ ಪ್ರೋಟಾನ್‌ಗಳನ್ನು ಕೂಡಿಸುವುದು. ಕೂಡುವ ಲೆಕ್ಕ ನೋಡಿ. ದುಬ್ನಾದ ವಿಧಾನದಲ್ಲಿ ಹೊಡೆಯುವ ಕಣ ಯಾವಾಗಲೂ ಕ್ಯಾಲ್ಸಿಯಂ, ಅಂದರೆ 20 ಪ್ರೋಟಾನ್. 114 ಬೇಕಾದರೆ ಪ್ಲುಟೋನಿಯಂ (94), 115ಕ್ಕೆ ಅಮೆರಿಸಿಯಂ (95), 116ಕ್ಕೆ ಕ್ಯೂರಿಯಂ (96), 118ಕ್ಕೆ ಕ್ಯಾಲಿಫೋರ್ನಿಯಂ (98) ಗುರಿಯಾಗಿ ಬೇಕು. 117ಕ್ಕೆ ಬೇಕಾದದ್ದು 97, ಅಂದರೆ ಬರ್ಕೇಲಿಯಂ. ತೊಡಕು ಇರುವುದು ಇದೊಂದರಲ್ಲೇ. ಅಮೆರಿಸಿಯಂ-243ರ (243 ಎಂದರೆ ಪ್ರೋಟಾನ್, ನ್ಯೂಟ್ರಾನ್ ಎರಡರ ಒಟ್ಟು ಎಣಿಕೆ) ಅರ್ಧಾಯು ಏಳು ಸಾವಿರ ವರ್ಷಕ್ಕೂ ಹೆಚ್ಚು, ಕ್ಯೂರಿಯಂ-248ರದು ಮೂರು ಲಕ್ಷ ವರ್ಷಕ್ಕೂ ಹೆಚ್ಚು, ಕ್ಯಾಲಿಫೋರ್ನಿಯಂ-249ರದು ಸುಮಾರು 350 ವರ್ಷ. ಇವನ್ನು ಕಪಾಟಿನಲ್ಲಿಟ್ಟು ನಿಧಾನವಾಗಿ ಪ್ರಯೋಗ ಮಾಡಬಹುದು. ಬರ್ಕೇಲಿಯಂ-249ರ ಅರ್ಧಾಯು 330 ದಿನ. ತಯಾರಿಸಿದ ದಿನದಿಂದಲೇ ಅದು ಕ್ಯಾಲಿಫೋರ್ನಿಯಂ ಆಗುತ್ತ ಹೋಗುತ್ತದೆ. ದಾಸ್ತಾನು ಮಾಡಿ ಇಡುವ ಮಾತೇ ಇಲ್ಲ.

ಹಾಗಾಗಿ 117ರ ಶೋಧದಲ್ಲಿ ಅರ್ಧಕ್ಕರ್ಧ ಕಥೆ ಬರ್ಕೇಲಿಯಂನದು. ಕಣಗಳಿಗೆ ವೇಗ ಕೊಡುವ ಯಂತ್ರವಾದ ಸೈಕ್ಲೋಟ್ರಾನ್ ಮೊದಲೇ ಇತ್ತು, ಗುರಿಗೆ ಬೇಕಾದ ಲೋಹ ಇರಲಿಲ್ಲ.

ಕ್ಯಾಲ್ಸಿಯಂ-48 ಅನ್ನೇ ಆರಿಸುವುದು ಯಾಕೆ?

ಅದರಲ್ಲಿ 20 ಪ್ರೋಟಾನ್, 28 ನ್ಯೂಟ್ರಾನ್. ಎರಡೂ 'ಮ್ಯಾಜಿಕ್ ಸಂಖ್ಯೆ'ಗಳು, ನ್ಯೂಕ್ಲಿಯಸ್ ಬಿಗಿಯಾಗಿರುತ್ತದೆ. ಇಷ್ಟು ಹಗುರವಾದ ನ್ಯೂಕ್ಲಿಯಸ್‌ನಲ್ಲಿ ಎಂಟು ನ್ಯೂಟ್ರಾನ್ ಹೆಚ್ಚುವರಿಯಾಗಿ ಇರುವುದು ಅಪರೂಪ. ಅತಿಭಾರ ಧಾತು ಸ್ವಲ್ಪವಾದರೂ ಬಾಳಬೇಕಾದರೆ ನ್ಯೂಟ್ರಾನ್ ಬೇಕೇ ಬೇಕು, ಅದನ್ನು ಹೊತ್ತು ತರುವುದು ಇದೇ ಐಸೊಟೋಪ್ (ಒಂದೇ ಧಾತುವಿನ, ನ್ಯೂಟ್ರಾನ್ ಎಣಿಕೆ ಬೇರೆಯಿರುವ ರೂಪ). ಎರಡನೆಯ ಲಾಭ: ಬಿಗಿಯಾದ ನ್ಯೂಕ್ಲಿಯಸ್ ಆದ್ದರಿಂದ ಕೂಡಿದ ಮೇಲೆ ಉಳಿಯುವ ಬಿಸಿ ಕಡಿಮೆ, ಕೂಡಿದ್ದು ಅಲ್ಲೇ ಸೀಳಿಹೋಗುವ ಸಂಭವವೂ ಅಷ್ಟು ಕಡಿಮೆ.

ತೊಂದರೆ ಬೆಲೆಯಲ್ಲಿದೆ. ಸುಣ್ಣಕಲ್ಲಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ಆದರೆ ಅದರಲ್ಲಿ ಈ ಐಸೊಟೋಪ್ 0.19% ಮಾತ್ರ. ಬೇರ್ಪಡಿಸಿದ ಕ್ಯಾಲ್ಸಿಯಂ-48 ಚಿನ್ನಕ್ಕಿಂತ ಎಷ್ಟೋ ಪಟ್ಟು ದುಬಾರಿ. ಆದ್ದರಿಂದ ಅಯಾನು ಮೂಲದ ಗೋಡೆಗಳಿಗೆ ಅಂಟಿಕೊಂಡ ಕ್ಯಾಲ್ಸಿಯಂ ಅನ್ನೂ ತೊಳೆದು ವಾಪಸು ಪಡೆಯುತ್ತಾರೆ.

ಬರ್ಕೇಲಿಯಂ ಎಲ್ಲಿಂದ ಬಂತು?

ಅಮೆರಿಕದ ಟೆನ್ನೆಸ್ಸೀ ರಾಜ್ಯದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದಿಂದ. ದುಬ್ನಾದವರು 2004ರಲ್ಲೇ ಕೇಳಿದ್ದರು. ಬರ್ಕೇಲಿಯಂ ಒಂದಕ್ಕಾಗಿಯೇ ರಿಯಾಕ್ಟರ್ ಓಡಿಸುವುದು ಖರ್ಚಿನ ಬಾಬತ್ತು. ಕ್ಯಾಲಿಫೋರ್ನಿಯಂ-252 ಮಾಡುವಾಗ ಉಪ ಉತ್ಪನ್ನವಾಗಿ ಇದು ಸಿಗುತ್ತದೆ. 2008ರಲ್ಲಿ ಕ್ಯಾಲಿಫೋರ್ನಿಯಂಗೆ ವಾಣಿಜ್ಯ ಬೇಡಿಕೆ ಬಂದಾಗ ಜತೆಗೆ ಇದಕ್ಕೂ ದಾರಿಯಾಯಿತು.

ಮಾಡುವ ಕ್ರಮ ಹೀಗೆ. ಕ್ಯೂರಿಯಂ ತುಂಬಿದ ಕಡ್ಡಿಗಳನ್ನು ಹೈ ಫ್ಲಕ್ಸ್ ಐಸೊಟೋಪ್ ರಿಯಾಕ್ಟರಿನ ನಟ್ಟನಡುವೆ, ನ್ಯೂಟ್ರಾನ್ ದಟ್ಟಣೆ ಅತಿ ಹೆಚ್ಚಿರುವ ಜಾಗದಲ್ಲಿ, ಸುಮಾರು 250 ದಿನ ಇಟ್ಟರು. ಕ್ಯೂರಿಯಂ ಒಂದೊಂದೇ ನ್ಯೂಟ್ರಾನ್ ನುಂಗುತ್ತ 249ಕ್ಕೆ ಏರುತ್ತದೆ. ಆ ಕ್ಯೂರಿಯಂ-249 ಒಂದು ಗಂಟೆಯ ಆಸುಪಾಸಿನ ಅರ್ಧಾಯುವಿನಲ್ಲಿ ಬೀಟಾ ಕಣ (ಎಲೆಕ್ಟ್ರಾನ್) ಉಗುಳಿ ಬರ್ಕೇಲಿಯಂ-249 ಆಗುತ್ತದೆ. ಇಳುವರಿ ಕೈಕೊಡುವುದು ಇಲ್ಲೇ: ರಿಯಾಕ್ಟರಿನಲ್ಲೇ ಉಳಿದ ಬರ್ಕೇಲಿಯಂ ಇನ್ನೊಂದು ನ್ಯೂಟ್ರಾನ್ ನುಂಗಿ ಬರ್ಕೇಲಿಯಂ-250 ಆಗಿ, ಮೂರ್ನಾಲ್ಕು ಗಂಟೆಯಲ್ಲಿ ಕ್ಯಾಲಿಫೋರ್ನಿಯಂ ಕಡೆ ಜಾರಿಬಿಡುತ್ತದೆ. ಹೆಚ್ಚು ದಿನ ಇಟ್ಟಷ್ಟೂ ಹೆಚ್ಚು ಬರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕಡ್ಡಿಗಳು ತಣಿದ ಮೇಲೆ ವಿಕಿರಣ ತಡೆಯುವ ದಪ್ಪ ಗೋಡೆಯ ಹಾಟ್ ಸೆಲ್‌ಗಳೊಳಗೆ ಸುಮಾರು 90 ದಿನ ಶುದ್ಧೀಕರಣ. ಕ್ಯೂರಿಯಂ, ಬರ್ಕೇಲಿಯಂ, ಕ್ಯಾಲಿಫೋರ್ನಿಯಂ ಥರದ ಭಾರ ಆಕ್ಟಿನೈಡುಗಳು ದ್ರಾವಣದಲ್ಲಿ +3 ಸ್ಥಿತಿಯಲ್ಲಿ (ಮೂರು ಎಲೆಕ್ಟ್ರಾನ್ ಕಳೆದುಕೊಂಡು) ಅಣ್ಣತಮ್ಮಂದಿರಂತೆ ನಡೆದುಕೊಳ್ಳುವುದರಿಂದ ಒಂದರಿಂದ ಒಂದನ್ನು ಬಿಡಿಸುವುದು ಕಷ್ಟ. ಬರ್ಕೇಲಿಯಂಗೆ ಮಾತ್ರ ಒಂದು ಗುಣವಿದೆ: ಪ್ರಬಲ ಉತ್ಕರ್ಷಣಕಾರಿ ಕೊಟ್ಟರೆ ಅದು +4ಕ್ಕೆ ಏರುತ್ತದೆ, ಕ್ಯೂರಿಯಂ, ಕ್ಯಾಲಿಫೋರ್ನಿಯಂ ಏರುವುದಿಲ್ಲ. ನೈಟ್ರಿಕ್ ಆಮ್ಲದಲ್ಲಿ ಬ್ರೋಮೇಟ್ ಹಾಕಿ +4 ಮಾಡಿ, ಸಾವಯವ ದ್ರಾವಕಕ್ಕೆ ಎಳೆದುಕೊಂಡು, ಮತ್ತೆ +3ಕ್ಕೆ ಇಳಿಸಿ ಹೊರಗೆ ತೆಗೆಯುತ್ತಾರೆ. ಇದೇ ಆಟವನ್ನು ಸೀರಿಯಂ ಕೂಡ ಆಡುತ್ತದೆ, ಅದು ನ್ಯೂಕ್ಲಿಯಸ್ ಸೀಳಿದಾಗಿನ (ವಿದಳನದ) ಕಸವಾಗಿ ಜತೆಯಲ್ಲೇ ಇರುತ್ತದೆ. ಹಾಗಾಗಿ ಸೀರಿಯಂ ತೆಗೆಯಲು ಕೊನೆಯಲ್ಲಿ ಪ್ರತ್ಯೇಕ ಹಂತ ಬೇಕು.

ಕೊನೆಗೆ ಸಿಕ್ಕಿದ್ದು 22 ಮಿಲಿಗ್ರಾಂ. ಅದರಲ್ಲಿ ಕ್ಯಾಲಿಫೋರ್ನಿಯಂ-252 ಬರೀ 1.7 ನ್ಯಾನೊಗ್ರಾಂ. ಇಷ್ಟು ಶುದ್ಧತೆ ಹಟಕ್ಕೆ ಮಾಡಿದ್ದಲ್ಲ. ಕ್ಯಾಲಿಫೋರ್ನಿಯಂ-252 ತಾನಾಗಿಯೇ ಸೀಳಿ ನ್ಯೂಟ್ರಾನ್ ಚೆಲ್ಲುತ್ತದೆ. ಅದು ಹೆಚ್ಚಿದ್ದರೆ ಗುರಿಯನ್ನು ಕೈಯಾಡಿಸಿ ತಯಾರಿಸುವುದೂ ಅಪಾಯ, ಪ್ರಯೋಗದಲ್ಲಿ ಹಿನ್ನೆಲೆಯ ಗದ್ದಲವೂ ಹೆಚ್ಚು. ಬರ್ಕೇಲಿಯಂ-249 ಹೊರಸೂಸುವ ಬೀಟಾ ಮಾತ್ರ ದುರ್ಬಲವಾದದ್ದು.

ಆ ಬರ್ಕೇಲಿಯಂ ಅಟ್ಲಾಂಟಿಕ್ ಸಾಗರವನ್ನು ಐದು ಸಲ ದಾಟಿತು ಎನ್ನುವುದು ನಿಜವೇ?

ನಿಜ. 2009ರ ಬೇಸಿಗೆಯಲ್ಲಿ ಐದು ಸೀಸದ ಡಬ್ಬಿಗಳಲ್ಲಿ ನ್ಯೂಯಾರ್ಕಿನಿಂದ ಮಾಸ್ಕೋಗೆ ವಿಮಾನದಲ್ಲಿ ಕಳಿಸಿದರು. ಕಾಗದಪತ್ರ ಸರಿಯಿಲ್ಲವೆಂದು ರಷ್ಯಾದ ಕಸ್ಟಮ್ಸ್ ಎರಡು ಸಲ ವಾಪಸು ಕಳಿಸಿತು. ಮೂರನೆಯ ಸಲ ಒಳಗೆ ಬಿಟ್ಟಿತು. ಹೋದದ್ದು ಮೂರು, ಬಂದದ್ದು ಎರಡು: ಐದು. ವಸ್ತು ಕರಗುತ್ತ ಹೋಗುತ್ತಿರುವಾಗ ಕಳೆದ ಒಂದೊಂದು ದಿನವೂ ನಷ್ಟವೇ. ಈ ಸಂದರ್ಭದಲ್ಲಿ ಕೆಲವೇ ದಿನಕ್ಕೆ ಮುಗಿದದ್ದು ಪುಣ್ಯ.

ಗುರಿಯನ್ನು ಹೇಗೆ ಕಟ್ಟಿದರು? ಲೋಹದ ಬಿಲ್ಲೆಗೆ ಕಿರಣ ಹೊಡೆದರೆ ಸಾಲದೇ?

ಸಾಲದು, ಕರಗಿಹೋಗುತ್ತದೆ. ರಷ್ಯಾದ ದಿಮಿತ್ರೋವ್‌ಗ್ರಾದ್‌ನ ರಿಯಾಕ್ಟರ್ ಸಂಶೋಧನಾ ಸಂಸ್ಥೆಯಲ್ಲಿ ತೆಳು ಟೈಟಾನಿಯಂ ಹಾಳೆಯ ಮೇಲೆ ಬರ್ಕೇಲಿಯಂ ಡೈಆಕ್ಸೈಡ್ ಲೇಪಿಸಿದರು. ಒಂದು ಚದರ ಸೆಂಟಿಮೀಟರಿಗೆ ಬರ್ಕೇಲಿಯಂ 0.31 ಮಿಲಿಗ್ರಾಂ ಮಾತ್ರ. ಕಮಾನಿನಾಕಾರದ ಇಂಥ ಆರು ತುಂಡುಗಳು, ಒಂದೊಂದೂ 6 ಚದರ ಸೆಂಟಿಮೀಟರ್. ಎಲ್ಲವನ್ನೂ ಒಂದು ಚಕ್ರದ ಅಂಚಿಗೆ ಜೋಡಿಸಿ ನಿಮಿಷಕ್ಕೆ 1700 ಸುತ್ತು ತಿರುಗಿಸಿದರು. ಕಿರಣ ಒಂದೇ ಜಾಗಕ್ಕೆ ಬೀಳದೆ ಬಿಸಿ ಸುತ್ತಲೂ ಹಂಚಿಹೋಗಲಿ ಎಂಬುದು ಲೆಕ್ಕ.

ದಪ್ಪ ಹೆಚ್ಚಿಸಿದರೆ ಪರಮಾಣು ಹೆಚ್ಚು ಸಿಗಬೇಕಲ್ಲ ಎಂದು ಕೇಳುವವರಿದ್ದಾರೆ. ಇಲ್ಲ. ದಪ್ಪ ಪದರದೊಳಗೆ ಸಾಗುವಾಗ ಕ್ಯಾಲ್ಸಿಯಂ ತನ್ನ ಶಕ್ತಿ ಕಳೆದುಕೊಂಡು, ಹಿಂದಿನ ಬರ್ಕೇಲಿಯಂ ತಲುಪುವ ಹೊತ್ತಿಗೆ ಕೂಡಲು ಬೇಕಾದಷ್ಟು ಉಳಿಸಿಕೊಂಡಿರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹುಟ್ಟಿದ ಹೊಸ ನ್ಯೂಕ್ಲಿಯಸ್ ಗುರಿಯೊಳಗೇ ಸಿಕ್ಕಿಹಾಕಿಕೊಂಡು ಹೊರಗೆ ಬರುವುದಿಲ್ಲ.

ಕಿರಣದ ಶಕ್ತಿ ಎಷ್ಟು? ಎಷ್ಟು ದಿನ ಹೊಡೆದರು?

2009ರ ಜುಲೈ ಕೊನೆಗೆ ಯು-400 ಸೈಕ್ಲೋಟ್ರಾನ್‌ನಲ್ಲಿ ಶುರುವಾಗಿ ಸುಮಾರು 150 ದಿನ ನಡೆಯಿತು. ಮೊದಲ 70 ದಿನ 252 ಮೆಗಾ ಎಲೆಕ್ಟ್ರಾನ್‌ವೋಲ್ಟ್, ಆಮೇಲೆ 247 (ಮೆಗಾ ಎಲೆಕ್ಟ್ರಾನ್‌ವೋಲ್ಟ್ ಎಂದರೆ ಕಣಗಳ ಶಕ್ತಿ ಅಳೆಯುವ ಮಾನ). ಕ್ಯಾಲ್ಸಿಯಂ ಆಗ ಬೆಳಕಿನ ವೇಗದ ಹತ್ತನೇ ಒಂದು ಭಾಗಕ್ಕೆ ಸ್ವಲ್ಪ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ.

ಐದು ಮೆಗಾ ಎಲೆಕ್ಟ್ರಾನ್‌ವೋಲ್ಟಿನ ವ್ಯತ್ಯಾಸಕ್ಕೆ ಇಷ್ಟೊಂದು ಮಹತ್ವ ಯಾಕೆಂದರೆ: 48 ಮತ್ತು 249 ಕೂಡಿದರೆ 297. ಕೂಡಿದ ನ್ಯೂಕ್ಲಿಯಸ್ ಬಿಸಿಯಾಗಿದ್ದು ನ್ಯೂಟ್ರಾನ್ ಉದುರಿಸಿ ತಣಿಯುತ್ತದೆ. ಹೆಚ್ಚು ಬಿಸಿಯಿದ್ದರೆ ನಾಲ್ಕು ಉದುರಿ ಟೆನ್ನೆಸಿನ್-293, ಸ್ವಲ್ಪ ಕಡಿಮೆಯಿದ್ದರೆ ಮೂರು ಉದುರಿ ಟೆನ್ನೆಸಿನ್-294. ಶಕ್ತಿ ಇನ್ನೂ ಇಳಿದರೆ ಎರಡೂ ನ್ಯೂಕ್ಲಿಯಸ್‌ಗಳ ಧನ ವಿದ್ಯುದಂಶ ಒಂದನ್ನೊಂದು ದೂಡಿ ಹತ್ತಿರಕ್ಕೇ ಬಿಡುವುದಿಲ್ಲ. ಏರಿದರೆ ಕೂಡಿದ್ದು ಸೀಳಿಹೋಗುತ್ತದೆ. 252ರಲ್ಲಿ ಐದು ಟೆನ್ನೆಸಿನ್-293, 247ರಲ್ಲಿ ಒಂದು ಟೆನ್ನೆಸಿನ್-294 ಸಿಕ್ಕವು. ಮೊದಲ ಹಂತದಲ್ಲಿ ಸೆಕೆಂಡಿಗೆ ಸರಾಸರಿ 4 ಲಕ್ಷ ಕೋಟಿ ಕ್ಯಾಲ್ಸಿಯಂ ಬಿದ್ದರೂ, ಪತ್ತೆಯಾದ ಪರಮಾಣು ಎರಡು ವಾರಕ್ಕೆ ಒಂದು.

ಒಂದೇ ಒಂದು ಪರಮಾಣು ಹುಟ್ಟಿತು ಎಂದು ಗೊತ್ತಾಗುವುದು ಹೇಗೆ?

ಹುಟ್ಟಿದ್ದನ್ನು ಯಾರೂ ನೋಡುವುದಿಲ್ಲ, ಸಾಯುವುದನ್ನು ನೋಡಿ ಹೆಸರು ಹಿಡಿಯುತ್ತಾರೆ.

ಹೊಸ ನ್ಯೂಕ್ಲಿಯಸ್ ಗುರಿಯಿಂದ ಮುಂದಕ್ಕೆ ಚಿಮ್ಮುತ್ತದೆ. ಅದರ ಜತೆಗೇ ಕೋಟಿಗಟ್ಟಲೆ ಕ್ಯಾಲ್ಸಿಯಂ, ಇತರ ಚೂರುಗಳು ಬರುತ್ತವೆ. ಕಡಿಮೆ ಒತ್ತಡದ ಹೈಡ್ರೋಜನ್ ತುಂಬಿದ ವಿಭಾಜಕದ ಅಯಸ್ಕಾಂತಗಳು ಇವನ್ನು ಬೇರೆ ಬೇರೆ ದಾರಿಗೆ ತಿರುಗಿಸುತ್ತವೆ. ಅನಿಲ ಯಾಕೆ? ನಿರ್ವಾತದಲ್ಲಿ ಒಂದೊಂದು ಅಯಾನಿಗೆ ಒಂದೊಂದು ವಿದ್ಯುದಂಶವಿದ್ದು ದಾರಿಗಳು ಚದುರುತ್ತವೆ. ಅನಿಲದೊಳಗೆ ಡಿಕ್ಕಿ ಹೊಡೆಯುತ್ತ ಎಲ್ಲವೂ ಒಂದು ಸರಾಸರಿ ವಿದ್ಯುದಂಶಕ್ಕೆ ಬಂದು ಒಂದೇ ಕಡೆ ಕೂಡಿಕೊಳ್ಳುತ್ತವೆ. ಆದರೂ ಹುಟ್ಟಿದ್ದರಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ಕೊನೆ ಮುಟ್ಟುತ್ತದೆ. ಪಯಣಕ್ಕೆ ಸುಮಾರು ಒಂದು ಮೈಕ್ರೊಸೆಕೆಂಡ್.

ಕೊನೆಯಲ್ಲಿ ಸಿಲಿಕಾನ್ ಪತ್ತೆಕಾರಕ. ನ್ಯೂಕ್ಲಿಯಸ್ ಬಂದು ನೆಟ್ಟ ಜಾಗ, ಹೊತ್ತು, ಶಕ್ತಿ ದಾಖಲಾಗುತ್ತವೆ. ಅದೇ ಜಾಗದಿಂದ ಕೆಲವು ಮಿಲಿಸೆಕೆಂಡಿನಲ್ಲಿ ಸುಮಾರು 11 ಮೆಗಾ ಎಲೆಕ್ಟ್ರಾನ್‌ವೋಲ್ಟಿನ ಆಲ್ಫಾ ಹೊರಟರೆ ಯಂತ್ರವೇ ಕಿರಣವನ್ನು ನಿಲ್ಲಿಸುತ್ತದೆ. ಆಮೇಲೆ ಗದ್ದಲವಿಲ್ಲದ ಹೊತ್ತಿನಲ್ಲಿ ಮಗ, ಮೊಮ್ಮಗ ಧಾತುಗಳ (ಆಲ್ಫಾ ಉಗುಳಿದ ಮೇಲೆ ಉಳಿಯುವ ಹಗುರ ಧಾತುಗಳ) ಕ್ಷಯಕ್ಕೆ ಕಾಯುತ್ತಾರೆ. ಟೆನ್ನೆಸಿನ್-293 ಆದರೆ ಮಾಸ್ಕೋವಿಯಂ-289, ನಿಹೋನಿಯಂ-285, ರಾಂಟ್ಜೆನಿಯಂ-281 ಎಂದು ಇಳಿದು ಕೊನೆಯದು ಸೀಳುತ್ತದೆ. ಟೆನ್ನೆಸಿನ್-294ರ ಸರಣಿ ಉದ್ದ: ಮಾಸ್ಕೋವಿಯಂ-290, ನಿಹೋನಿಯಂ-286, ರಾಂಟ್ಜೆನಿಯಂ-282, ಮೈಟ್ನೇರಿಯಂ-278, ಬೋರಿಯಂ-274 ದಾಟಿ ಡುಬ್ನಿಯಂ-270ರ ತನಕ.

ತಪ್ಪಾಗುವುದು ಹೇಗೆಂದರೆ, ಬೇರೆಲ್ಲಿಂದಲೋ ಬಂದ ಆಲ್ಫಾ ಕಾಕತಾಳೀಯವಾಗಿ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಬೀಳಬಹುದು. ಒಂದು ಆಲ್ಫಾ ಹಾಗೆ ಬೀಳುವುದು ಸಾಧ್ಯ. ಸರಿಯಾದ ಶಕ್ತಿಯ ಮೂರು, ಸರಿಯಾದ ಅಂತರದಲ್ಲಿ, ಕಿರಣ ನಿಂತಿರುವಾಗ ಬೀಳುವುದು ಅಸಾಧ್ಯಕ್ಕೆ ಹತ್ತಿರ. ಇನ್ನೊಂದು ಸಾಮಾನ್ಯ ತೊಂದರೆ, ಆಲ್ಫಾ ಹಿಂದಕ್ಕೆ ಹಾರಿ ಪತ್ತೆಕಾರಕದ ಮುಂಭಾಗದಿಂದ ತಪ್ಪಿಸಿಕೊಳ್ಳುವುದು. ಅದಕ್ಕಾಗಿ ಪಕ್ಕದ ಗೋಡೆಗಳಿಗೂ ಪತ್ತೆಕಾರಕ ಹಚ್ಚಿ ಪೆಟ್ಟಿಗೆಯಂತೆ ಕಟ್ಟಿರುತ್ತಾರೆ.

ಮಾನ್ಯತೆ ಸಿಗಲು 2015ರ ತನಕ ಯಾಕೆ ಬೇಕಾಯಿತು?

ಸರಣಿಯ ಮಗ, ಮೊಮ್ಮಗ ಯಾರೂ ಮೊದಲೇ ಪರಿಚಿತರಲ್ಲ ಎಂಬುದೇ ಕಾರಣ. ಹಳೆಯ, ಚೆನ್ನಾಗಿ ಗೊತ್ತಿರುವ ಐಸೊಟೋಪಿನಲ್ಲಿ ಸರಣಿ ಮುಗಿದರೆ ಹಿಂದಕ್ಕೆ ಎಣಿಸಿ 117 ಎನ್ನಬಹುದು. ಇಲ್ಲಿ ಎಲ್ಲವೂ ಹೊಸದು. ದಾರಿ ಸಿಕ್ಕಿದ್ದು ಅಡ್ಡ ಪರೀಕ್ಷೆಯಲ್ಲಿ: ಅಮೆರಿಸಿಯಂ-243ಕ್ಕೆ ಕ್ಯಾಲ್ಸಿಯಂ ಹೊಡೆದು ಮಾಸ್ಕೋವಿಯಂ-289 ಅನ್ನು ನೇರವಾಗಿ ಮಾಡಿದಾಗ, ಅದರ ನಡವಳಿಕೆ ಟೆನ್ನೆಸಿನ್-293ರ ಮಗನ ನಡವಳಿಕೆಗೆ ತಾಳೆಯಾಯಿತು. 2012ರಲ್ಲಿ ದುಬ್ನಾದಲ್ಲೇ ಹೊಸ ಬರ್ಕೇಲಿಯಂನಿಂದ ಮತ್ತೆ ಮಾಡಿದರು. ಆಗ ಒಂದು ತಮಾಷೆ ನಡೆಯಿತು: ಗುರಿಯ ಬರ್ಕೇಲಿಯಂ ಒಂದಷ್ಟು ಕ್ಯಾಲಿಫೋರ್ನಿಯಂ-249 ಆಗಿದ್ದರಿಂದ, ಕೇಳದೆಯೇ 118ನೇ ಧಾತುವಿನ ಒಂದು ಪರಮಾಣುವೂ ಬಂತು. 2014ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್‌ಐ ಕೇಂದ್ರ, ದುಬ್ನಾದ ಯಂತ್ರಗಳಿಲ್ಲದೆ, ಟೆನ್ನೆಸಿನ್-294ರ ಎರಡು ಸರಣಿ ಪ್ರಕಟಿಸಿತು. ಡುಬ್ನಿಯಂ-270 ಸೀಳದೆ ಆಲ್ಫಾ ಉಗುಳಿ ಲಾರೆನ್ಸಿಯಂ-266 ಆಗುವುದನ್ನು ಅಲ್ಲಿ ಮೊದಲ ಸಲ ಕಂಡರು. 2015ರ ಡಿಸೆಂಬರ್ 30ರಂದು ಅಂತರರಾಷ್ಟ್ರೀಯ ರಸಾಯನ ಒಕ್ಕೂಟದ (ಐಯುಪಿಎಸಿ) ಮಾನ್ಯತೆ ಬಂತು.

ಭಾರತೀಯರ ಪಾಲು ಇದೆಯೇ?

ಇದೆ. 2010ರ ಮೂಲ ಪ್ರಬಂಧದ ಲೇಖಕರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ, ಭಾರತೀಯ ಮೂಲದ ಎ. ವಿ. ರಾಮಯ್ಯ ಇದ್ದಾರೆ. ಜಿಎಸ್‌ಐನ ದೃಢೀಕರಣ ತಂಡದಲ್ಲಿ ಕೋಲ್ಕತ್ತದ ಸಾಹಾ ಇನ್‌ಸ್ಟಿಟ್ಯೂಟ್ ಆಫ್ ನ್ಯೂಕ್ಲಿಯರ್ ಫಿಸಿಕ್ಸ್‌ನವರು ಇದ್ದರು.

ಹೆಸರು ಎಲ್ಲಿಂದ?

ಟೆನ್ನೆಸ್ಸೀ ರಾಜ್ಯದಿಂದ. ಓಕ್ ರಿಡ್ಜ್, ವ್ಯಾಂಡರ್‌ಬಿಲ್ಟ್, ಟೆನ್ನೆಸ್ಸೀ ವಿಶ್ವವಿದ್ಯಾಲಯ ಮೂರೂ ಇರುವುದು ಅಲ್ಲಿ. 2016ರ ಜೂನ್ 8ರಂದು ಪ್ರಸ್ತಾಪ, ನವೆಂಬರ್ 28ರಂದು ಅಂಗೀಕಾರ. ಅದಕ್ಕೂ ಮೊದಲು ಅನ್‌ಅನ್‌ಸೆಪ್ಟಿಯಂ ಎಂಬ ತಾತ್ಕಾಲಿಕ ಹೆಸರಿತ್ತು. ಬೇರೆ ಹೊಸ ಧಾತುಗಳಂತೆ 'ಇಯಂ' ಎನ್ನದೆ 'ಇನ್' ಎಂದು ಮುಗಿಯಲು ಕಾರಣ 17ನೇ ಗುಂಪಿನ ರೂಢಿ. ಕನ್ನಡದಲ್ಲಿ ಬರೆದರೂ ಕ್ಲೋರಿನ್, ಬ್ರೋಮಿನ್, ಅಯೋಡಿನ್ ಸಾಲಿಗೆ ಸರಿಯಾಗಿ ಕೂರುತ್ತದೆ.

ಟಿಎಸ್ ಎಂದರೆ ಸಾವಯವ ರಸಾಯನದಲ್ಲಿ ಟೊಸಿಲ್ ಗುಂಪಲ್ಲವೇ ಎಂಬ ತಕರಾರು ಬಂದಿತ್ತು. ಆಕ್ಟಿನಿಯಂ-ಅಸಿಟೈಲ್, ಪ್ರಾಸಿಯೋಡೀಮಿಯಂ-ಪ್ರೊಪೈಲ್ ಒಂದೇ ಸಂಕೇತ ಹಂಚಿಕೊಂಡು ನಡೆಯುತ್ತಿರುವಾಗ ಇದೂ ನಡೆಯುತ್ತದೆ ಎಂದು ಬಿಟ್ಟರು. ಟೊಸಿಲ್ ಬರೆಯುವವರು ಟೆನ್ನೆಸಿನ್ ಸೀಸೆ ತೆರೆಯುವ ದಿನವಂತೂ ಸದ್ಯಕ್ಕಿಲ್ಲ.

ಹಾಗಾದರೆ ಇದು ಹ್ಯಾಲೊಜನ್ನೇ?

ಗುಂಪಿನಿಂದ ಹೌದು, ಗುಣದಿಂದ ಬಹುಶಃ ಅಲ್ಲ. ಇಲ್ಲಿಂದ ಮುಂದಿನದೆಲ್ಲ ಲೆಕ್ಕ, ಅಳತೆಯಲ್ಲ.

ಹೊರಕವಚದಲ್ಲಿ ಏಳು ಎಲೆಕ್ಟ್ರಾನ್ ಇರುವುದು ಮೇಲಿನವರಂತೆಯೇ. ಆದರೆ 117 ಪ್ರೋಟಾನಿನ ಸೆಳೆತಕ್ಕೆ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಸುಮಾರು 85% ವೇಗಕ್ಕೆ ಮುಟ್ಟುತ್ತವೆ; ಸಾಪೇಕ್ಷತೆಯನ್ನು ಬಿಟ್ಟು ಲೆಕ್ಕ ಮಾಡಲು ಬರುವುದಿಲ್ಲ. ಅದರ ಪರಿಣಾಮವಾಗಿ ಹೊರಗಿನ 7ಪಿ ಮಟ್ಟ (ಏಳರಲ್ಲಿ ಐದು ಎಲೆಕ್ಟ್ರಾನ್ ಇರುವುದು ಇದರಲ್ಲಿ) ಎರಡಾಗಿ ಒಡೆಯುತ್ತದೆ. ಎರಡು ಎಲೆಕ್ಟ್ರಾನ್ ಕೆಳಗಿಳಿದು ಬಿಗಿಯಾಗಿ ಕೂರುತ್ತವೆ, ಉಳಿದ ಮೂರು ಮೇಲಕ್ಕೆದ್ದು ಸಡಿಲವಾಗಿರುತ್ತವೆ. ಕ್ಲೋರಿನ್ ಇನ್ನೊಂದು ಎಲೆಕ್ಟ್ರಾನ್ ಸಿಕ್ಕರೆ ಬಾಚಿಕೊಳ್ಳುತ್ತದೆ. ಟೆನ್ನೆಸಿನ್‌ನಲ್ಲಿ ಹೊಸಬನಿಗೆ ಸಿಗುವುದು ಆ ಸಡಿಲ ಮೇಲ್ಮಟ್ಟದ ಜಾಗ, ಹಾಗಾಗಿ ಅಷ್ಟು ಆಸೆಯಿಲ್ಲ. ಕೊಡುವುದೇ ಸಲೀಸು: -1ಕ್ಕಿಂತ +1, +3 ಸ್ಥಿತಿಗಳು ಹೆಚ್ಚಿರುತ್ತವೆ ಎಂಬುದು ನಿರೀಕ್ಷೆ. ಉಪ್ಪು ಮಾಡುವ ಹ್ಯಾಲೊಜನ್ ಎಂಬ ಪಠ್ಯಪುಸ್ತಕದ ವ್ಯಾಖ್ಯೆ ಇಲ್ಲಿ ಕುಂಟುತ್ತದೆ. ಟ್ರೈಫ್ಲೋರೈಡ್ ಮಾಡಿದರೆ ಕ್ಲೋರಿನ್ ಟ್ರೈಫ್ಲೋರೈಡಿನ ಟಿ ಆಕಾರ ಬಿಟ್ಟು ಸಮತಲದ ತ್ರಿಕೋನವಾಗಿರುತ್ತದೆ ಎಂದು ಲೆಕ್ಕ ಹೇಳುತ್ತದೆ.

ಕರಗುವ ಬಿಂದು 350ರಿಂದ 550 ಡಿಗ್ರಿ ಸೆಲ್ಸಿಯಸ್, ಸಾಂದ್ರತೆ ಘನ ಸೆಂಟಿಮೀಟರಿಗೆ 7.1ರಿಂದ 7.3 ಗ್ರಾಂ ಎಂದು ಕೋಷ್ಟಕಗಳಲ್ಲಿ ಕಾಣುತ್ತದೆ. ಮೊದಲಿನದರ ಹರವು 200 ಡಿಗ್ರಿ. ಅಂದಾಜು ಎಷ್ಟು ಸಡಿಲ ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ಪ್ರಯೋಗ ಮಾಡಿ ನೋಡಬಹುದಲ್ಲ?

ಹೊತ್ತು ಸಾಲದು. ಟೆನ್ನೆಸಿನ್-293ರ ಅರ್ಧಾಯು ಸುಮಾರು 20 ಮಿಲಿಸೆಕೆಂಡ್, 294ರದು ಸುಮಾರು 50. ಅತಿಭಾರ ಧಾತುಗಳ ರಸಾಯನಕ್ಕೆ ಈಗಿರುವ ವಿಧಾನವೆಂದರೆ, ಪರಮಾಣುವನ್ನು ಅನಿಲದಲ್ಲಿ ನಿಲ್ಲಿಸಿ, ಚಿನ್ನ ಅಥವಾ ಸ್ಫಟಿಕಶಿಲೆಯ ಪದರವಿರುವ ಪತ್ತೆಕಾರಕಗಳ ಸಾಲಿನ ಮೇಲೆ ಹರಿಸಿ, ಎಲ್ಲಿ ಅಂಟಿತು ನೋಡುವುದು. ಹೀಗೆ ಪರೀಕ್ಷಿಸಿದ ಮಾಸ್ಕೋವಿಯಂ-288ರ ಅರ್ಧಾಯು ಸುಮಾರು 200 ಮಿಲಿಸೆಕೆಂಡ್, ಅದೇ ಹರಸಾಹಸ. ಟೆನ್ನೆಸಿನ್ ಅನಿಲದ ಜತೆ ಸಾಲಿನ ಬಾಗಿಲು ಮುಟ್ಟುವ ಮೊದಲೇ ಮಾಸ್ಕೋವಿಯಂ ಆಗಿಬಿಟ್ಟಿರುತ್ತದೆ.

'ಸ್ಥಿರತೆಯ ದ್ವೀಪ'ಕ್ಕೂ ಇದಕ್ಕೂ ಏನು ಸಂಬಂಧ?

184 ನ್ಯೂಟ್ರಾನ್ ಸುತ್ತಮುತ್ತ ಅತಿಭಾರ ನ್ಯೂಕ್ಲಿಯಸ್‌ಗಳು ಹೆಚ್ಚು ಕಾಲ ಬಾಳುತ್ತವೆ ಎಂಬುದು ಸಿದ್ಧಾಂತ. ಟೆನ್ನೆಸಿನ್-293ರಲ್ಲಿ 176, 294ರಲ್ಲಿ 177. ಒಂದೇ ನ್ಯೂಟ್ರಾನ್ ಹೆಚ್ಚಾದಾಗ ಆಯಸ್ಸು ಎರಡು ಪಟ್ಟಿಗೂ ಮೀರಿ ಏರಿದ್ದು ನೋಡಿದರೆ ದಾರಿ ಸರಿ. ದ್ವೀಪದ ನಡುವಿಗೆ ಇನ್ನೂ ಏಳೆಂಟು ನ್ಯೂಟ್ರಾನ್ ಬೇಕು, ಅಷ್ಟನ್ನು ಹೊತ್ತು ತರುವ ಕಿರಣ-ಗುರಿ ಜೋಡಿ ಈಗ ಯಾರ ಬಳಿಯೂ ಇಲ್ಲ.

ಉಪಯೋಗ? ಅಪಾಯ?

ಎರಡೂ ಇಲ್ಲ. ಅಪಾಯ ಇರುವುದು ಗುರಿಯ ಬರ್ಕೇಲಿಯಂ, ಕ್ಯಾಲಿಫೋರ್ನಿಯಂನಿಂದ.

ಇದೇ ದಾರಿಯಲ್ಲಿ 119 ಯಾಕೆ ಮಾಡಲಿಲ್ಲ?

ಕ್ಯಾಲ್ಸಿಯಂನ 20ಕ್ಕೆ 99 ಸೇರಿಸಬೇಕು, ಅದು ಐನ್‌ಸ್ಟೈನಿಯಂ. ಅದು ಮೈಕ್ರೊಗ್ರಾಂ ಲೆಕ್ಕದಲ್ಲಿ ಸಿಗುತ್ತದೆ, ಗುರಿ ಕಟ್ಟಲು ಮಿಲಿಗ್ರಾಂಗಟ್ಟಲೆ ಬೇಕು. ಆದ್ದರಿಂದ ಕಿರಣವನ್ನೇ ಬದಲಿಸಬೇಕು. ಬರ್ಕೇಲಿಯಂಗೆ ಟೈಟಾನಿಯಂ-50 ಹೊಡೆಯುವ ಪ್ರಯತ್ನ 2012ರಲ್ಲಿ ಜಿಎಸ್‌ಐನಲ್ಲಿ ನಡೆದು ಏನೂ ಸಿಗಲಿಲ್ಲ. ಜಪಾನಿನ ಸಂಶೋಧನಾ ಸಂಸ್ಥೆ ರೀಕೆನ್‌ನವರು ಕ್ಯೂರಿಯಂಗೆ ವೆನೇಡಿಯಂ-51 ಹಿಡಿದಿದ್ದಾರೆ. 2024ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು ಪ್ಲುಟೋನಿಯಂಗೆ ಟೈಟಾನಿಯಂ-50 ಹೊಡೆದು 116ನೇ ಧಾತುವಿನ ಎರಡು ಪರಮಾಣು ಪಡೆದರು. ಕ್ಯಾಲ್ಸಿಯಂ ಬಿಟ್ಟರೂ ಕೆಲಸ ನಡೆಯುತ್ತದೆ ಎಂದು ಅದರಿಂದ ಖಾತ್ರಿಯಾಯಿತು; ಆ ಎರಡಕ್ಕೆ ಹಿಡಿದದ್ದು 22 ದಿನ.